ಬೊಗಳುವುದು ನಿಲ್ಲಬೇಕಾದರೆ

ನಾಯಿಯನ್ನು ಸುಮ್ಮನಿರಿಸಲು ಈಗ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಸಾಧನಗಳು ಹೆಚ್ಚುಕಡಿಮೆ ಎಲ್ಲವೂ ಅದರ ಕುತ್ತಿಗೆ, ಮೂತಿ ಇಲ್ಲವೇ ಕಿವಿಯ ಮೇಲೆ ಕೆಲಸ ಮಾಡುವಂಥವು. ಬೊಗಳಿದೊಡನೆ ಶಾಕ್ ಕೊಡುವ ಬೆಲ್ಟು, ಮೂಗಿನತ್ತ ಕಟುವಾಸನೆಯ ಎಣ್ಣೆ ಚಿಮ್ಮಿಸುವ ಬೆಲ್ಟು, ಮನುಷ್ಯರಿಗೆ ಕೇಳದ ಶಬ್ದ ಹೊರಡಿಸುವ ಪೆಟ್ಟಿಗೆ, ಬಾಯಿಗೆ ಹಾಕುವ ಕುಕ್ಕೆ. ಯಾವುದೂ ನಾಯಿ ಯಾಕೆ ಬೊಗಳಿತು ಎಂದು ಕೇಳುವುದಿಲ್ಲ. ಹಗಲಿಡೀ ಒಂಟಿಯಾಗಿ ಬೀಗ ಹಾಕಿದ ಮನೆಯೊಳಗಿರುವ ನಾಯಿಗೂ, ಗೇಟಿನ ಬಳಿ ಪೇಪರ್ ಹಾಕುವ ಹುಡುಗನನ್ನು ಕಂಡು ಎಗರುವ ನಾಯಿಗೂ, ಹಲ್ಲುನೋವಿನಿಂದ ನರಳುವ ಮುದಿ ನಾಯಿಗೂ ಅವುಗಳಲ್ಲಿ ಒಂದೇ ಮದ್ದು. ಕಾರಣವನ್ನು ಕೇಳದೆ ಮಾಡಿದ ಉಪಾಯ ಒಂದೋ ಕೆಲವು ವಾರಗಳಲ್ಲಿ ಸೋಲುತ್ತದೆ, ಇಲ್ಲವೇ ಬೊಗಳಾಟಕ್ಕಿಂತ ಕೆಟ್ಟದ್ದೊಂದನ್ನು ಮನೆಗೆ ತರುತ್ತದೆ ಎಂಬುದು ಈ ಲೇಖನದ ವಾದ. ನೆರೆಮನೆಯವರ ನಿದ್ದೆಯ ಹಕ್ಕನ್ನು ಇದರಿಂದ ಕಡೆಗಣಿಸಿದಂತಾಗುವುದಿಲ್ಲ. ಆ ಹಕ್ಕು ನಿಜವಾಗಿಯೂ ಉಳಿಯಬೇಕಾದರೂ ಇದೇ ದಾರಿ ಹಿಡಿಯಬೇಕು.

ಮೊದಲು, ನಾಯಿ ಇಷ್ಟೊಂದು ಬೊಗಳುವ ಪ್ರಾಣಿ ಯಾಕಾಯಿತು ಎಂಬುದನ್ನು ನೋಡೋಣ. ಅದರ ಪೂರ್ವಜನಾದ ತೋಳ ಬೊಗಳುವುದು ಅಪರೂಪ. ಬೊಗಳಿದರೂ ಗವಿಯ ಹತ್ತಿರ ಯಾರಾದರೂ ಬಂದಾಗ ಒಂದೆರಡು ಸಲ. ಸೋವಿಯತ್ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ಸೈಬೀರಿಯಾದಲ್ಲಿ 1959ರಲ್ಲಿ ಆರಂಭಿಸಿದ ನರಿಗಳ ಪ್ರಯೋಗ ಇಲ್ಲಿ ಒಂದು ಸುಳಿವು ಕೊಡುತ್ತದೆ. ಮನುಷ್ಯರಿಗೆ ಹೆದರದ ಮರಿಗಳನ್ನಷ್ಟೇ ತಲೆತಲೆಮಾರು ಆರಿಸುತ್ತ ಹೋದಾಗ ಆ ನರಿಗಳು ಜನರನ್ನು ಕಂಡರೆ ಬಾಲ ಆಡಿಸಿ, ಕುಂಯ್‌ಗುಟ್ಟಿ, ದನಿ ಮಾಡತೊಡಗಿದವು. ದನಿಗಾಗಿ ಅವನ್ನು ಯಾರೂ ಆರಿಸಿರಲಿಲ್ಲ. ಮನುಷ್ಯರ ಜೊತೆ ಬದುಕುವ ಸ್ವಭಾವದೊಂದಿಗೇ ಅದು ಬಂತು. ಆ ದನಿಗಳಲ್ಲಿ ಅರ್ಥವಿದೆ ಎಂಬುದಕ್ಕೂ ಪುರಾವೆಗಳಿವೆ. ಕ್ಯಾಲಿಫೋರ್ನಿಯಾದ ಪಶುವೈದ್ಯೆ ಸೋಫಿಯಾ ಯಿನ್ ಮತ್ತು ಅವರ ಸಹೋದ್ಯೋಗಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ನಾಯಿಗಳ 4,672 ಬೊಗಳುಗಳನ್ನು ವಿಶ್ಲೇಷಿಸಲಾಗಿತ್ತು. ಕರೆಗಂಟೆ ಕೇಳಿದಾಗ ಹೊರಡುವ ಬೊಗಳು ತಗ್ಗಿನ ಸ್ಥಾಯಿಯದು, ಕರ್ಕಶವಾದದ್ದು. ಒಂಟಿಯಾಗಿ ಬಿಟ್ಟಾಗಿನದು ಎತ್ತರದ ಸ್ಥಾಯಿಯದು. ಆಟದ ಬೊಗಳು ಇವೆರಡಕ್ಕಿಂತಲೂ ಬೇರೆ. ಬುಡಾಪೆಸ್ಟಿನ ಪೇಟರ್ ಪೊಂಗ್ರಾಟ್ಸ್ ಮತ್ತು ಸಂಗಡಿಗರು 2005ರಲ್ಲಿ ಮೂಡಿ ಎಂಬ ಹಂಗೇರಿಯ ಕುರಿಕಾಯುವ ತಳಿಯ ದನಿಗಳನ್ನು ಜನರಿಗೆ ಕೇಳಿಸಿದರು. ಯಾವ ಬೊಗಳು ಯಾವ ಸಂದರ್ಭದ್ದೆಂದು ಜನ ಗುರುತಿಸಿದ್ದು ಕುರುಡು ಊಹೆಯಿಂದ ಸಿಗಬಹುದಾದ ಮಟ್ಟಕ್ಕಿಂತ ಹೆಚ್ಚಾಗಿತ್ತು. ನಾಯಿ ಸಾಕದವರೂ ಇದರಲ್ಲಿ ಹಿಂದೆ ಬೀಳಲಿಲ್ಲ. ಅಂದಮೇಲೆ ಯಾವ ಬೊಗಳು ಏನನ್ನು ಹೇಳುತ್ತದೆ ಎಂದು ತಿಳಿಯಲು ಪರಿಣತರೇ ಆಗಬೇಕಿಲ್ಲ. ಗಮನ ಕೊಟ್ಟರೆ ಬಹುಮಟ್ಟಿಗೆ ತಿಳಿಯುತ್ತದೆ.

ಕಾರಣದಷ್ಟೇ ಮುಖ್ಯವಾದದ್ದು ಫಲ. ಬೊಗಳಿದ್ದರಿಂದ ನಾಯಿಗೆ ಏನು ಸಿಕ್ಕಿತು? ಡೆಲಿವರಿ ಹುಡುಗ ಗೇಟಿಗೆ ಬರುತ್ತಾನೆ, ನಾಯಿ ಬೊಗಳುತ್ತದೆ, ಅವನು ಪೊಟ್ಟಣ ಕೊಟ್ಟು ಹೊರಟುಹೋಗುತ್ತಾನೆ. ಅವನು ತನ್ನ ಕೆಲಸ ಮುಗಿದದ್ದರಿಂದ ಹೋದ. ನಾಯಿಗೆ ಮಾತ್ರ ತಾನೇ ಅವನನ್ನು ಓಡಿಸಿದಂತೆ. ಹಾಲಿನವರು, ಸೊಪ್ಪಿನವರು, ಗ್ಯಾಸ್ ಸಿಲಿಂಡರಿನವರು, ಕಸದ ಗಾಡಿ ಎಂದು ದಿನಕ್ಕೆ ಹತ್ತಾರು ಸಲ ಈ ಪಾಠ ಪುನರಾವರ್ತನೆಯಾಗುವ ಬೆಂಗಳೂರಿನ ಬೀದಿಯಲ್ಲಿ ನಾಯಿ ಬೊಗಳುವುದನ್ನು ಕಲಿಯದೆ ಉಳಿದರೆ ಅದೇ ಆಶ್ಚರ್ಯ. ಮನೆಯೊಳಗೂ ನಡೆಯುವುದು ಇದೇ. ಬೊಗಳಿದ ಕೂಡಲೇ ಯಾರೋ ಎದ್ದು ಬಂದು ‘ಏಯ್, ಸುಮ್ನಿರೋ’ ಎಂದು ಗದರುತ್ತಾರೆ. ಹೊತ್ತು ಹೋಗದೆ ಬಿದ್ದಿದ್ದ ನಾಯಿಗೆ ಆ ಗದರಿಕೆಯೇ ಜೊತೆ. ಜೋರು ದನಿಯೆಂದರೆ ಮನೆಯವರೂ ತನ್ನ ಸಂಗಡ ಬೊಗಳಿದಂತೆ. ಇನ್ನು ಕೆಲವರು ಗಮನ ಕೊಡಬಾರದೆಂದು ಗಟ್ಟಿ ಮನಸ್ಸು ಮಾಡಿ ಕೂರುತ್ತಾರೆ. ಗಮನ ಬೇಡುವ ಬೊಗಳಿಗೆ ಇದು ಸರಿಯಾದ ಕ್ರಮವೇ, ಆದರೆ ಅಭ್ಯಾಸದ ಫಲ ತಪ್ಪಿದಾಗ ಪ್ರಾಣಿ ಮೊದಲು ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ ಎಂಬುದು ಕಲಿಕೆಯ ಮನೋವಿಜ್ಞಾನದಲ್ಲಿ ಬಹುಕಾಲದಿಂದ ಗೊತ್ತಿರುವ ಸಂಗತಿ. ಮೂರನೆಯ ದಿನ ತಡೆಯಲಾರದೆ ಎದ್ದು ಹೋಗಿ ಮುದ್ದಿಸಿದರೆ, ಅರ್ಧ ಗಂಟೆ ಬಿಡದೆ ಬೊಗಳಿದರೆ ಕೆಲಸವಾಗುತ್ತದೆ ಎಂದು ನಾವೇ ಕಲಿಸಿದ ಹಾಗೆ. ಆಗೊಮ್ಮೆ ಈಗೊಮ್ಮೆ ಸಿಗುವ ಫಲ ಅಭ್ಯಾಸವನ್ನು ಗಟ್ಟಿ ಮಾಡುವಷ್ಟು, ಪ್ರತಿ ಸಲ ಸಿಗುವ ಫಲ ಮಾಡುವುದಿಲ್ಲ.

ಈ ಲೆಕ್ಕಾಚಾರಕ್ಕೆ ಸಿಗದ ಬೊಗಳೂ ಇದೆ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಶುರುವಾಗಿ ಸಂಜೆಯವರೆಗೂ ನಿಲ್ಲದ, ನಡುವೆ ಊಳಿಡುವ, ಬಾಗಿಲು ಕೆರೆಯುವ, ಹೇಲುಚ್ಚೆ ಮಾಡಿಕೊಳ್ಳುವ ನಾಯಿ ಯಾವ ಫಲವನ್ನೂ ಬಯಸಿ ಬೊಗಳುತ್ತಿರುವುದಿಲ್ಲ. ಅದು ಗಾಬರಿಯಲ್ಲಿದೆ. ಇದನ್ನು ಅಗಲಿಕೆಯ ಆತಂಕ ಎಂದು ಪಶುವೈದ್ಯರು ಗುರುತಿಸುತ್ತಾರೆ. ಇದಕ್ಕೆ ಚಿಕಿತ್ಸೆಯಿದೆ: ಮನೆಯವರು ಮೊದಲು ಕ್ಷಣಗಳ ಮಟ್ಟಿಗೆ, ಬಳಿಕ ನಿಮಿಷಗಳ ಮಟ್ಟಿಗೆ ಹೊರಗೆ ಹೋಗಿ ಬರುತ್ತ, ನಾಯಿ ಗಾಬರಿಗೊಳ್ಳುವ ಮೊದಲೇ ಹಿಂದಿರುಗುತ್ತ, ಅವಧಿಯನ್ನು ನಿಧಾನವಾಗಿ ಹೆಚ್ಚಿಸುವ ತಾಳ್ಮೆಯ ಅಭ್ಯಾಸ. ತೀವ್ರವಾದ ಆತಂಕಕ್ಕೆ ಔಷಧಿಯೂ ಉಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಕ್ಲೊಮಿಪ್ರಮೀನ್, 2007ರಲ್ಲಿ ಫ್ಲುಒಕ್ಸೆಟಿನ್ ಎಂಬ ಔಷಧಗಳಿಗೆ ನಾಯಿಗಳ ಈ ಸ್ಥಿತಿಗೆಂದೇ ಒಪ್ಪಿಗೆ ಕೊಟ್ಟಿತು, ಅದೂ ತರಬೇತಿಯ ಜೊತೆಗೆ ಕೊಡಬೇಕೆಂಬ ಸೂಚನೆಯೊಂದಿಗೆ. ಇವನ್ನು ಪಶುವೈದ್ಯರು ಬರೆದುಕೊಡಬೇಕೇ ಹೊರತು ಮನೆಯಲ್ಲಿರುವ ಮಾತ್ರೆಯನ್ನು ತಾವೇ ಕೊಡುವುದು ಅಪಾಯ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ರಾತ್ರಿ ಬೊಗಳತೊಡಗಿದರೂ ಮೊದಲು ಹೋಗಬೇಕಾದದ್ದು ಆಸ್ಪತ್ರೆಗೇ. ಕಿವಿ ಕೇಳದಿರುವುದು, ಕೀಲುನೋವು, ಮನುಷ್ಯರ ಅರಳುಮರಳನ್ನು ಹೋಲುವ ಮೆದುಳಿನ ಕುಂದು, ಇವುಗಳಲ್ಲಿ ಯಾವುದಾದರೂ ಇರಬಹುದು. 2001ರ ಒಂದು ಅಮೆರಿಕನ್ ಅಧ್ಯಯನದ ಪ್ರಕಾರ 11–12 ವರ್ಷದ ನಾಯಿಗಳಲ್ಲಿ ಶೇಕಡಾ 28ರಷ್ಟಕ್ಕೆ, 15–16 ವರ್ಷದವುಗಳಲ್ಲಿ ಶೇಕಡಾ 68ರಷ್ಟಕ್ಕೆ ಈ ಕುಂದಿನ ಒಂದಾದರೂ ಲಕ್ಷಣವಿತ್ತು. ದಿಕ್ಕು ತಪ್ಪಿ ಗೋಡೆಯ ಮುಂದೆ ನಿಂತು ಬೊಗಳುವ ಇಂಥ ಮುದಿ ಜೀವಕ್ಕೆ ಶಾಕ್ ಬೆಲ್ಟು ಹಾಕುವುದನ್ನು ಕ್ರೌರ್ಯವೆಂದಲ್ಲದೆ ಬೇರೇನೆಂದು ಕರೆಯಲೂ ನನಗೆ ಸಾಧ್ಯವಿಲ್ಲ.

ಬೆಲ್ಟುಗಳ ಪರವಾಗಿ ಹೇಳುವ ಮಾತು ಗಟ್ಟಿಯಾದದ್ದೇ: ಅವು ಕೆಲಸ ಮಾಡುತ್ತವೆ, ಬೇಗ ಮಾಡುತ್ತವೆ, ದಿನವಿಡೀ ದುಡಿಯುವವರಿಗೆ ತರಬೇತಿಗೆ ಪುರುಸೊತ್ತೆಲ್ಲಿ? ನೋವು ಕೊಟ್ಟರೆ ಒಂದು ನಡವಳಿಕೆ ತಗ್ಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟು ದಿನ, ಯಾವ ಬೆಲೆಗೆ ಎಂಬುದು ಪ್ರಶ್ನೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯರು 1996ರಲ್ಲಿ ಕೆಲವೇ ನಾಯಿಗಳ ಮೇಲೆ ಶಾಕ್ ಬೆಲ್ಟನ್ನೂ ಸಿಟ್ರೊನೆಲ್ಲಾ ಎಣ್ಣೆ ಚಿಮ್ಮಿಸುವ ಬೆಲ್ಟನ್ನೂ ಹೋಲಿಸಿದಾಗ, ಸಾಕಿದವರ ಅಭಿಪ್ರಾಯದಲ್ಲಿ ನೋವಿಲ್ಲದ ಎಣ್ಣೆಯ ಬೆಲ್ಟೇ ಹೆಚ್ಚು ಪರಿಣಾಮಕಾರಿಯಾಗಿತ್ತು. ಆ ಬೆಲ್ಟಿನ ಕತೆಯನ್ನು ಬೆಲ್‌ಫಾಸ್ಟಿನ ಡೆಬೊರಾ ವೆಲ್ಸ್ 2001ರಲ್ಲಿ ಮುಂದುವರಿಸಿದರು. ಅವರ ಅಧ್ಯಯನದಲ್ಲಿ ಬೊಗಳು ಮೊದಲು ಚೆನ್ನಾಗಿ ತಗ್ಗಿತು, ವಾರಗಳು ಕಳೆದಂತೆ ಮತ್ತೆ ಏರಿತು. ದಿನವೂ ಬೆಲ್ಟು ಹಾಕಿದ ನಾಯಿಗಳು ಆ ವಾಸನೆಗೆ ಇನ್ನೂ ಬೇಗ ಒಗ್ಗಿಕೊಂಡವು. ಕಾರಣ ಹಾಗೇ ಉಳಿದಿತ್ತು, ಕಿರಿಕಿರಿ ಮಾತ್ರ ಹಳತಾಯಿತು. ಶಾಕ್ ವಿಷಯ ಇದಕ್ಕಿಂತ ಗಂಭೀರ. ನೆದರ್ಲೆಂಡ್ಸಿನಲ್ಲಿ 2004ರಲ್ಲಿ ಪ್ರಕಟವಾದ ಜರ್ಮನ್ ಶೆಪರ್ಡ್ ನಾಯಿಗಳ ಅಧ್ಯಯನದಲ್ಲಿ, ಶಾಕ್ ಕೊಟ್ಟು ತರಬೇತಿ ಮಾಡಿದ ನಾಯಿಗಳು ಶಾಕ್ ಇಲ್ಲದ ಹೊತ್ತಿನಲ್ಲೂ, ತರಬೇತುದಾರ ಹತ್ತಿರವಿದ್ದರೇ ಸಾಕು, ಕಿವಿ ತಗ್ಗಿಸಿ ಭಯದ ಲಕ್ಷಣ ತೋರಿದವು. ಪೋರ್ಚುಗಲಿನಲ್ಲಿ 92 ಸಾಕುನಾಯಿಗಳನ್ನು ನೋಡಿದ 2020ರ ಅಧ್ಯಯನವೂ ದಂಡನೆಯ ವಿಧಾನದಲ್ಲಿ ಕಲಿತ ನಾಯಿಗಳಲ್ಲೇ ಒತ್ತಡ ಹೆಚ್ಚೆಂದು ಕಂಡಿತು. ಇವು ಬೊಗಳುವುದನ್ನಷ್ಟೇ ಕುರಿತ ಅಧ್ಯಯನಗಳಲ್ಲ. ಆದರೂ ಇಲ್ಲಿಗೆ ಅನ್ವಯಿಸದಿರಲು ಕಾರಣ ಕಾಣುವುದಿಲ್ಲ. ಬೀದಿಯಲ್ಲಿ ಮಗುವನ್ನು ಕಂಡು ಬೊಗಳಿದ ನಾಯಿಗೆ ಆ ಕ್ಷಣವೇ ಕುತ್ತಿಗೆಯಲ್ಲಿ ನೋವಾದರೆ, ಅದು ನೋವನ್ನು ತನ್ನ ಬೊಗಳಿಗೆ ಜೋಡಿಸುತ್ತದೋ ಮಗುವಿಗೆ ಜೋಡಿಸುತ್ತದೋ ಯಾರೂ ಖಾತರಿ ಕೊಡಲಾರರು. ಎರಡನೆಯದಾದರೆ, ಮುಂದಿನ ಸಲ ಎಚ್ಚರಿಕೆಯ ದನಿಯಿಲ್ಲದೆಯೇ ಹಲ್ಲು ಬರಬಹುದು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿ ಯಾರೂ ಕೈ ಚಾಚಬಾರದು, ನಿಜ. ಆದರೆ ಬೊಗಳಲು ಹೆದರುವ ನಾಯಿ ಅದಕ್ಕಿಂತ ಅಪಾಯದ್ದು. ವೇಲ್ಸ್ 2010ರಲ್ಲಿ ಶಾಕ್ ಬೆಲ್ಟುಗಳನ್ನು ನಿಷೇಧಿಸಿತು. ನಮ್ಮಲ್ಲಿ ಯಾರು ಬೇಕಾದರೂ ಕೊಂಡು ತಂದು ಕಟ್ಟಬಹುದಾಗಿದೆ. ಇದು ಬದಲಾಗಬೇಕು.

ಹಾಗಾದರೆ ಯಾವುದು ನಡೆಯುತ್ತದೆ? ಎಲ್ಲಕ್ಕಿಂತ ಬೇಗ ಫಲ ಕೊಡುವುದು ಎಲ್ಲಕ್ಕಿಂತ ಸರಳವಾದದ್ದು: ನಾಯಿಯನ್ನು ಬೊಗಳಿಸುವ ನೋಟವನ್ನೂ ಸದ್ದನ್ನೂ ಅದರಿಂದ ದೂರ ಮಾಡುವುದು. ಬಾಲ್ಕನಿಯಲ್ಲಿ ನಿಂತು ಬೀದಿ ಕಾಯುವ ನಾಯಿಯನ್ನು ಒಳಗಿನ ಕೋಣೆಗೆ ಕರೆದುಕೊಳ್ಳುವುದು, ಗ್ರಿಲ್ ಗೇಟಿನ ಕೆಳಭಾಗಕ್ಕೆ ತಗಡೋ ಹಲಗೆಯೋ ಹೊಡೆಸುವುದು, ಕಿಟಕಿಯ ಕೆಳಗಿನ ಗಾಜಿಗೆ ಮಬ್ಬು ಹಾಳೆ ಅಂಟಿಸುವುದು, ರಾತ್ರಿ ಹೊರಗೆ ಮಲಗಿಸದಿರುವುದು. ತರಬೇತಿಗೆ ಪುರುಸೊತ್ತಿಲ್ಲ ಎನ್ನುವವರಿಗೆ, ನೆರೆಯವರು ತಿಂಗಳುಗಟ್ಟಲೆ ಕಾಯುವುದಿಲ್ಲ ಎನ್ನುವವರಿಗೆ ಉತ್ತರ ಇಲ್ಲಿದೆ. ಇದಕ್ಕೆ ಒಂದು ಸಂಜೆ ಸಾಕು. ಆಮೇಲೆ ನಿಧಾನದ ಕೆಲಸ. ಕರೆಗಂಟೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಮೊದಲು ತೀರ ಮೆಲ್ಲಗೆ ಕೇಳಿಸಿ, ಕೇಳಿದೊಡನೆ ಒಂದು ತುಂಡು ಬೇಯಿಸಿದ ಕೋಳಿಯನ್ನೋ ಪನೀರನ್ನೋ ಕೊಡುತ್ತ ಬಂದರೆ, ಆ ಸದ್ದು ಆಗಂತುಕನ ಸೂಚನೆಯಾಗಿ ಉಳಿಯದೆ ತಿನಿಸಿನ ಸೂಚನೆಯಾಗುತ್ತದೆ. ಗಂಟೆ ಬಾರಿಸಿದರೆ ತನ್ನ ಚಾಪೆಗೆ ಹೋಗಿ ಕೂರುವುದನ್ನು ಅದಕ್ಕೆ ಜೋಡಿಸಿ ಕಲಿಸಬಹುದು. ಮಾಡಬೇಡ ಎನ್ನುವುದಕ್ಕಿಂತ ಇದನ್ನು ಮಾಡು ಎನ್ನುವುದು ನಾಯಿಗೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಎಲ್ಲರೂ ಒಂದೇ ಮಾತು, ಒಂದೇ ಕ್ರಮ ಪಾಲಿಸದಿದ್ದರೆ ಇದು ಕೆಡುತ್ತದೆ. ಅಜ್ಜಿ ಒಂದು ರೀತಿ, ಮೊಮ್ಮಗ ಒಂದು ರೀತಿ ಮಾಡಿದರೆ ನಾಯಿ ತನಗೆ ಅನುಕೂಲವಾದದ್ದನ್ನು ಕಲಿಯುತ್ತದೆ.

ತಿನಿಸು ಕೊಟ್ಟರೆ ಬೊಗಳಿಗೇ ಬಹುಮಾನ ಕೊಟ್ಟಂತಾಗುವುದಿಲ್ಲವೇ? ಈ ಆಕ್ಷೇಪ ತರ್ಕಬದ್ಧವಾಗಿ ಕಾಣುತ್ತದೆ. ಗಮನ ಬೇಡಿ ಬೊಗಳುವ ನಾಯಿಯ ಮಟ್ಟಿಗೆ ನಿಜವೂ ಹೌದು. ಆದರೆ ಭಯ, ಉದ್ವೇಗಗಳಿಂದ ಹುಟ್ಟಿದ ಬೊಗಳಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಅಮೆರಿಕದ ನಾಯಿ ಆಶ್ರಯತಾಣಗಳಲ್ಲಿ ಅಲೆಕ್ಸಾಂಡ್ರಾ ಪ್ರೊತೊಪೊಪೊವಾ ಮತ್ತು ಕ್ಲೈವ್ ವಿನ್ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನಾನು ಓದಿದ ಅತ್ಯಂತ ಉಪಯುಕ್ತವಾದದ್ದು. ಗೂಡಿನ ಮುಂದೆ ಬಂದವರು ನಾಯಿ ಸುಮ್ಮನಿದ್ದಾಗ ಮಾತ್ರ ತಿನಿಸು ಕೊಡುವ ಕ್ರಮವನ್ನೂ, ಅದು ಏನೇ ಮಾಡುತ್ತಿದ್ದರೂ ಕೊಡುವ ಕ್ರಮವನ್ನೂ ಅವರು ಹೋಲಿಸಿದರು. ಎರಡರಲ್ಲೂ ಬೊಗಳುವಂಥ ಬೇಡದ ನಡವಳಿಕೆ ತಗ್ಗಿತು. ಬರುವವರ ಬಗೆಗಿನ ಭಾವನೆ ಬದಲಾದರೆ ಬೊಗಳುವ ಅಗತ್ಯವೇ ಇಲ್ಲವಾಗುತ್ತದೆ ಎಂಬುದು ಇದರ ವಿವರಣೆ ಇರಬಹುದು. ಮನೆ ಕಾಯುವ ವಾಚ್‌ಮನ್ ದಿನಕ್ಕೆರಡು ಸಲ ಒಂದು ಬಿಸ್ಕತ್ತಿನ ತುಂಡು ಎಸೆದು ಹೋಗುವಂತೆ ಏರ್ಪಾಡು ಮಾಡುವುದು ದುಬಾರಿ ಬೆಲ್ಟಿಗಿಂತ ಒಳ್ಳೆಯ ಹೂಡಿಕೆ. ಸಂಗೀತದ ಬಗೆಗೂ ಇಂಥದೇ ಕುತೂಹಲದ ಸಂಗತಿಯಿದೆ. ವೆಲ್ಸ್ ಅವರ 2002ರ ಪ್ರಯೋಗದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿದ ಆಶ್ರಯತಾಣದ ನಾಯಿಗಳು ಹೆಚ್ಚು ಮಲಗಿದವು, ಅಬ್ಬರದ ಹೆವಿ ಮೆಟಲ್ ಕೇಳಿದವು ಹೆಚ್ಚು ಬೊಗಳಿದವು. ದಿನವೂ ಅದದೇ ರಾಗ ಹಾಕಿದರೆ ಪರಿಣಾಮ ತಗ್ಗುತ್ತದೆಂದು ಸ್ಕಾಟ್ಲೆಂಡಿನಲ್ಲಿ ಬಳಿಕ ಕಂಡುಬಂತು. ಸಂಗೀತ ಸಹಾಯಕ ಮಾತ್ರ.

ಮನೆ ಕಾಯಲೆಂದೇ ನಾಯಿ ಸಾಕಿರುವಾಗ ಬೊಗಳಬೇಡ ಎನ್ನುವುದು ಹೇಗೆ ಎಂಬುದು ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳುವ ಮಾತು. ತೋಟದ ಮನೆಗೆ, ಕುರಿಹಟ್ಟಿಗೆ ಇದು ನ್ಯಾಯವಾದ ಮಾತು. ಆದರೆ ಹಾದುಹೋಗುವ ಪ್ರತಿಯೊಬ್ಬರಿಗೂ, ಎಲೆ ಅಲುಗಿದರೂ ಬೊಗಳುವ ನಾಯಿ ಕಾವಲುನಾಯಿಯೂ ಅಲ್ಲ. ಅದರ ದನಿಗೆ ಮನೆಯವರೇ ಕಿವಿಗೊಡುವುದನ್ನು ಬಿಟ್ಟಿರುತ್ತಾರೆ, ಕಳ್ಳ ಬಂದ ದಿನವೂ ಏಳುವುದಿಲ್ಲ. ಮೂರು ನಾಲ್ಕು ಸಲ ಬೊಗಳಿ, ಒಡೆಯ ಬಂದು ನೋಡಿ ‘ಸಾಕು’ ಎಂದಾಗ ನಿಲ್ಲಿಸುವುದನ್ನು ಕಲಿತ ನಾಯಿಯೇ ಕಾವಲಿಗೆ ಲಾಯಕ್ಕು. ಗೇಟಿನ ಪಕ್ಕ ಮೋಟು ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕುವ ರೂಢಿಯಂತೂ ಬೊಗಳನ್ನು ಬೆಳೆಸುವ ವಿಧಾನವೇ ಸರಿ: ಕಾಣುವುದೆಲ್ಲ ಕಣ್ಣ ಮುಂದೆ, ತಲುಪುವುದು ಯಾವುದೂ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್, ಅತಿ ಮೋಟಾದ ಇಲ್ಲವೇ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದನ್ನೂ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟದ ವ್ಯಾಯಾಮ ಕೊಡದಿರುವುದನ್ನೂ ಅಪರಾಧಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಳಿಗ್ಗೆ ಸಂಜೆ ಮೂಸುತ್ತ ಅಡ್ಡಾಡಲು ಬಿಡುವ ಒಂದೊಂದು ನಡಿಗೆ, ಮೂಸಿ ಹುಡುಕಿ ತಿನ್ನಬೇಕಾದ ಊಟ, ಕಡಿಯಲು ಏನಾದರೊಂದು, ಇಷ್ಟಿದ್ದರೆ ಬೇಸರದ ಬೊಗಳು ಬಹಳ ಮಟ್ಟಿಗೆ ಇಳಿಯುತ್ತದೆ. ತಳಿಯ ಪ್ರಶ್ನೆಯೂ ಇದೆ. ಬೊಗಳುವ ಪ್ರವೃತ್ತಿ ತಳಿಯಿಂದ ತಳಿಗೆ ಬಹಳ ಬೇರೆಯೆಂದು ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಬಸೆಂಜಿ, ಕಾಕರ್ ಸ್ಪೇನಿಯಲ್‌ಗಳನ್ನು ಹೋಲಿಸಿ ತೋರಿಸಿದ್ದರು. ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ನಮ್ಮ ಮುಧೋಳದಂಥ ನಾಯಿಗಳು ಸಾಮಾನ್ಯವಾಗಿ ಕಡಿಮೆ ಬೊಗಳುವಂಥವು, ಆದರೆ ಅವಕ್ಕೆ ಓಡಲು ಬಯಲು ಬೇಕು. ಎರಡು ಬೆಡ್‌ರೂಮಿನ ಫ್ಲಾಟಿಗೆ ನಾಯಿ ತರುವವರು ಬಣ್ಣ, ರೋಮ ನೋಡುವ ಮೊದಲು ಆ ತಳಿಯನ್ನು ಯಾವ ಕೆಲಸಕ್ಕೆ ಬೆಳೆಸಿದ್ದರು ಎಂದು ಕೇಳಿಕೊಂಡರೆ ಮುಂದಿನ ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಇನ್ನು ನೆರೆಹೊರೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇಟ್ಟಿವೆ. 2012ರಲ್ಲಿ ಆಸ್ಟ್ರೇಲಿಯಾದ ಗೋಲ್ಡನ್ ರಿಟ್ರೀವರ್ ಒಂದರ ಬೊಗಳು 113.1 ಡೆಸಿಬಲ್ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. ಅದು ವಿಪರೀತದ ಉದಾಹರಣೆ, ಆದರೆ ಸಾಧಾರಣ ನಾಯಿಯ ದನಿಯೂ ಪಕ್ಕದ ಗೋಡೆಯಾಚೆ ಮಲಗಿದ ಹಸುಗೂಸನ್ನು, ರೋಗಿಯನ್ನು, ರಾತ್ರಿ ಪಾಳಿ ಮುಗಿಸಿ ಬಂದವರನ್ನು ಎಬ್ಬಿಸುತ್ತದೆ. ಅವರ ದೂರನ್ನು ಪ್ರಾಣಿದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ. ಇತ್ತ, ಬೊಗಳುತ್ತದೆ ಎಂಬ ಕಾರಣಕ್ಕೆ ನಾಯಿಯನ್ನೇ ಹೊರಹಾಕಿ ಎನ್ನುವ ಅಧಿಕಾರ ನಿವಾಸಿ ಸಂಘಗಳಿಗಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅದೇ ಮಾರ್ಗಸೂಚಿ, ಎಡೆಬಿಡದ ಬೊಗಳು ನೆರೆಯವರಿಗೆ ತೊಂದರೆ ಎಂದೂ, ರಾತ್ರಿ ಹೊತ್ತು ನಾಯಿಯನ್ನು ಸುಮ್ಮನಿರಿಸಲು ಸಾಕಿದವರು ಎಲ್ಲ ಪ್ರಯತ್ನ ಮಾಡಬೇಕೆಂದೂ ಹೇಳುತ್ತದೆ. ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನಷ್ಟೇ ಓದುವುದರಿಂದ ಜಗಳ ಪೊಲೀಸ್ ಠಾಣೆಗೆ ಹೋಗುತ್ತದೆ. ಸಂಘದ ಸಭೆಯಲ್ಲಿ ಕೂಗಾಡುವ ಬದಲು ನೆರೆಯವರು ಮಾಡಬಹುದಾದ ಅತ್ಯುತ್ತಮ ಉಪಕಾರ, ನಾಯಿ ಎಷ್ಟು ಗಂಟೆಗೆ ಶುರುಮಾಡುತ್ತದೆ, ಎಷ್ಟು ಹೊತ್ತು ಎಂದು ಬರೆದಿಟ್ಟು ಕೊಡುವುದು. ಮನೆಯಲ್ಲಿಲ್ಲದ ಒಡೆಯನಿಗೆ ತನ್ನ ನಾಯಿ ಬೊಗಳುತ್ತದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಆ ಚೀಟಿಯೂ, ಒಡೆಯ ಹೊರಡುವಾಗ ಆನ್ ಮಾಡಿಟ್ಟ ಹಳೆಯ ಮೊಬೈಲಿನ ವಿಡಿಯೋವೂ ಸೇರಿದರೆ ಪಶುವೈದ್ಯರಿಗೆ ಅರ್ಧ ರೋಗನಿರ್ಣಯ ಸಿಕ್ಕಂತೆ.

ಬೀದಿನಾಯಿಗೆ ಒಡೆಯನೂ ಇಲ್ಲ, ಚಾಪೆಯೂ ಇಲ್ಲ. ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ಮಾಡಿದ ಗಣತಿಯಲ್ಲಿ ಅಂಥವು ಸುಮಾರು 2.79 ಲಕ್ಷ. ಅವುಗಳ ಇರುಳ ಬೊಗಳಿನ ಹಿಂದೆಯೂ ಕಾರಣಗಳಿವೆ: ಬೆದೆಗೆ ಬಂದ ಹೆಣ್ಣಿಗಾಗಿ ಗಂಡುಗಳ ಕಾದಾಟ, ಹೊಸ ನಾಯಿ ಗಡಿ ದಾಟಿ ಬರುವುದು, ಅನ್ನ ಬೀಳುವ ಜಾಗದ ಪೈಪೋಟಿ, ತಡರಾತ್ರಿಯ ಬೈಕು. ಕಲ್ಲೆಸೆದರೆ ಇವುಗಳಲ್ಲಿ ಒಂದೂ ತೀರುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮೊದಲನೆಯದನ್ನು ತಗ್ಗಿಸುತ್ತದೆ. ಊಟ ಹಾಕುವ ಜಾಗ ಮಕ್ಕಳ ಆಟದ ಸ್ಥಳ, ಮೆಟ್ಟಿಲು, ಬಾಗಿಲುಗಳಿಂದ ದೂರವಿರಬೇಕೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ. ಅದರ ಜೊತೆ ಹೊತ್ತನ್ನೂ ಮುಸ್ಸಂಜೆಗೆ ನಿಗದಿ ಮಾಡಿ, ಕಸವನ್ನು ರಾತ್ರಿ ಬೀದಿಗೆ ಹಾಕದಿದ್ದರೆ ಪೈಪೋಟಿಯೂ ಇಳಿಯುತ್ತದೆ.

ಕೊನೆಯದು, ಎಲ್ಲಕ್ಕಿಂತ ಕಷ್ಟದ ಆಕ್ಷೇಪ. ಎಲ್ಲ ಮಾಡಿಯೂ ಬೊಗಳು ನಿಲ್ಲದ, ಮನೆಯ ಮಾಲೀಕರು ಖಾಲಿ ಮಾಡಿ ಎಂದಿರುವ ಸಂಸಾರಕ್ಕೆ, ನಾಯಿಯನ್ನು ಬೀದಿಗೆ ಬಿಡುವುದಕ್ಕಿಂತ ಧ್ವನಿತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಮೇಲಲ್ಲವೇ? ಈ ವಾದದಲ್ಲಿ ಕರುಣೆಯ ಅಂಶವಿದೆ, ಆದರೂ ನಾನು ಒಪ್ಪಲಾರೆ. ಯುರೋಪಿನ ಸಾಕುಪ್ರಾಣಿಗಳ ರಕ್ಷಣಾ ಒಪ್ಪಂದ 1987ರಲ್ಲೇ ಇದನ್ನು ಬಾಲ, ಕಿವಿ ಕತ್ತರಿಸುವುದರ ಸಾಲಿನಲ್ಲಿಟ್ಟು ಬೇಡವೆಂದಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2010ರಲ್ಲಿ ನಿಷೇಧಿಸಿತು. ತಂತು ಕತ್ತರಿಸಿದ ನಾಯಿ ಬೊಗಳುವುದನ್ನು ಬಿಡುವುದಿಲ್ಲ, ದನಿ ಮಾತ್ರ ಗೊರಗೊರ ಕೆಮ್ಮಿನಂತಾಗುತ್ತದೆ. ಗಾಯದ ಕಲೆ ಬೆಳೆದು ಉಸಿರಾಟಕ್ಕೆ ಅಡ್ಡಬರಬಹುದು, ಎಷ್ಟೋ ನಾಯಿಗಳಲ್ಲಿ ದನಿ ಭಾಗಶಃ ಮರಳುತ್ತದೆ. ಒಂಟಿತನದ ಗಾಬರಿ ಇದ್ದಲ್ಲೇ ಇರುತ್ತದೆ, ನೆರೆಯವರಿಗೆ ಕೇಳದ್ದರಿಂದ ಅದನ್ನು ಗಮನಿಸುವವರೂ ಇಲ್ಲವಾಗುತ್ತಾರೆ. ಆ ಸ್ಥಿತಿಗೆ ಬಂದ ಸಂಸಾರ ಮಾಡಬೇಕಾದದ್ದು, ಪಶುವೈದ್ಯರ ಮೂಲಕವೋ ಪ್ರಾಣಿದಯಾ ಸಂಸ್ಥೆಯ ಮೂಲಕವೋ, ಹಗಲಿಡೀ ಜನರಿರುವ, ಗೋಡೆಗೆ ಗೋಡೆ ತಾಗದ ಮನೆಯೊಂದನ್ನು ಆ ನಾಯಿಗೆ ಹುಡುಕುವುದು. ಮನೆ ಸಿಗುವವರೆಗೆ ಹಗಲಿನ ವೇಳೆ ಅದರ ಜೊತೆ ಇರಲು ಸಂಬಂಧಿಕರನ್ನೋ ಸಂಬಳದವರನ್ನೋ ಗೊತ್ತುಮಾಡುವುದು. ಇಷ್ಟು ದಿನದ ವಿಡಿಯೋ, ಔಷಧಿಯ ವಿವರ, ಏನನ್ನು ಕಂಡರೆ ಬೊಗಳುತ್ತದೆ ಎಂಬ ಪಟ್ಟಿ, ಎಲ್ಲವನ್ನೂ ಹೊಸ ಮನೆಯವರ ಕೈಗೆ ಮುಚ್ಚುಮರೆಯಿಲ್ಲದೆ ಒಪ್ಪಿಸುವುದು.